ಧರ್ಮ ಓದಿದರೆ ನಂಬಿಕೆ ಹೋಗುತ್ತಾ? ಸಭಾ ಸೇವೆಗೆ ಹೊರಟವರು ವಿಶ್ವವಿದ್ಯಾಲಯದಲ್ಲಿ ಏನು ಓದಬೇಕು

ಪ್ರಶ್ನೆ: ನನಗೆ ಇಪ್ಪತ್ತು ವರ್ಷ. ಸಂಡೆ ಸ್ಕೂಲು, ಯುವಜನರ ಕೂಟ ಅಂತ ಚರ್ಚಿನ ಸಭೆಯಲ್ಲೇ ಬೆಳೆದವಳು. ಸಭಾಪಾಲಕಿ, ಅಂದರೆ ಪಾದ್ರಿ, ಆಗಬೇಕು, ಅದಕ್ಕೆ ದೇವರ ಕರೆ ಇದೆ ಅಂತ ಮನಸ್ಸಿಗೆ ಗಟ್ಟಿಯಾಗಿ ಅನ್ನಿಸಿದೆ. ವಿಶ್ವವಿದ್ಯಾಲಯದಲ್ಲಿ ಧರ್ಮ ಅಧ್ಯಯನದ ಬಿ.ಎ.ಗೆ ಸೀಟು ಸಿಕ್ಕಿದೆ. ಆದರೆ ನಮ್ಮ ಸಭೆಯ ಹಿರಿಯರೊಬ್ಬರು "ಅಲ್ಲಿಗೆ ಹೋದರೆ ಇರೋ ನಂಬಿಕೆನೂ ಹೋಗುತ್ತೆ, ಸುಮ್ನೆ ನೇರವಾಗಿ ಸೆಮಿನರಿಗೆ ಹೋಗು" ಅನ್ನುತ್ತಾರೆ (ಸೆಮಿನರಿ ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಶಾಲೆ). ಈ ಪದವಿ ಸೇವೆಗೆ ಉಪಯೋಗಕ್ಕೆ ಬರುತ್ತಾ? ಓದುತ್ತಾ ಓದುತ್ತಾ ನಂಬಿಕೆ ಸಡಿಲವಾದರೆ ಏನು ಮಾಡಲಿ? ತರಗತಿ ಶುರುವಾಗುವ ಮುಂಚೆ ಏನಾದರೂ ತಯಾರಿ ಮಾಡಿಕೊಳ್ಳಬೇಕಾ?

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಹೋಗಿ, ಓದಿ. ಧರ್ಮ ಅಧ್ಯಯನದ ಪದವಿ ಸೇವೆಗೆ ಖಂಡಿತ ಉಪಯೋಗಕ್ಕೆ ಬರುತ್ತದೆ. ಆದರೆ ಅದೊಂದೇ ನಿಮ್ಮನ್ನು ಸಭಾಪಾಲಕಿ ಮಾಡುವುದಿಲ್ಲ. ಪದವಿ ಕೊಡುವವರು ಒಬ್ಬರು, ದೀಕ್ಷೆ ಕೊಡುವವರು ಇನ್ನೊಬ್ಬರು. ನಾನು ಪಾಠ ಮಾಡಿದ ಎಷ್ಟೋ ಮಕ್ಕಳು ಚೆನ್ನಾಗಿ ಓದಿ, ಒಳ್ಳೆ ಅಂಕ ತೆಗೆದು, ಆಮೇಲೆ ಸಭೆಯ ಮುಂದೆ ಹೋಗಿ ನಿಂತಾಗ "ಇದು ನಮ್ಮ ಲೆಕ್ಕಕ್ಕೆ ಬರಲ್ಲ, ಇನ್ನೊಂದು ಕೋರ್ಸ್ ಮಾಡಿಕೊಂಡು ಬಾ" ಅನ್ನಿಸಿಕೊಂಡು ಕುಗ್ಗಿಹೋದದ್ದನ್ನು ನೋಡಿದ್ದೇನೆ. ಅವರ ಓದು ವ್ಯರ್ಥವಾಗಿರಲಿಲ್ಲ. ಕೇಳಬೇಕಾದವರನ್ನು ಮೊದಲೇ ಕೇಳಿರಲಿಲ್ಲ, ಅಷ್ಟೇ.

ಹಾಗಾಗಿ ಫೀಸು ಕಟ್ಟುವ ಮುಂಚೆ ಒಂದು ಕೆಲಸ ಮಾಡಿ. ಮುಂದೆ ನಿಮಗೆ ದೀಕ್ಷೆ ಕೊಡಬೇಕಾದ ಸಭಾಮಂಡಳಿಯ ಕಚೇರಿಗೆ ಹೋಗಿ, ಅಭ್ಯರ್ಥಿಗಳನ್ನು ನೋಡಿಕೊಳ್ಳುವವರು ಯಾರು ಅಂತ ವಿಚಾರಿಸಿ. ಯಾವ ಪದವಿ ಒಪ್ಪುತ್ತೀರಿ, ಯಾವ ಕಾಲೇಜಿನದು, ಭಾಷೆಗಳು ಬೇಕಾ, ಬಿ.ಎ. ಆದಮೇಲೆ ಎಷ್ಟು ವರ್ಷದ ತರಬೇತಿ, ಹೆಣ್ಣುಮಕ್ಕಳಿಗೆ ದೀಕ್ಷೆ ಇದೆಯಾ. ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಕೊನೆಯ ಪ್ರಶ್ನೆ ಕೇಳಲು ಹಿಂಜರಿಯಬೇಡಿ. ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಸಭೆಗಳಲ್ಲಿ ಮಹಿಳೆಯರಿಗೆ ಗುರುದೀಕ್ಷೆ ಇಲ್ಲ. ಪ್ರೊಟೆಸ್ಟೆಂಟರಲ್ಲಿ ಕೆಲವು ಸಭೆಗಳು ಕೊಡುತ್ತವೆ, ಕೆಲವು ಕೊಡುವುದಿಲ್ಲ. ಚರ್ಚ್ ಆಫ್ ಇಂಗ್ಲೆಂಡ್‌ನಲ್ಲಿ ಮೊದಲ ಮಹಿಳಾ ಪಾದ್ರಿಗಳಿಗೆ ದೀಕ್ಷೆ ಆದದ್ದೇ 1994ರಲ್ಲಿ. ನಿಮ್ಮ ಸಭೆಯ ನಿಲುವು ಏನು ಅನ್ನುವುದು ಕೊನೆಯ ವರ್ಷದಲ್ಲಿ ಗೊತ್ತಾಗುವ ಸಂಗತಿ ಆಗಬಾರದು.

ಇಲ್ಲಿ ಒಬ್ಬ ಹೆಣ್ಣುಮಗಳ ಕಥೆ ಹೇಳಲೇಬೇಕು. ಆಂಟ್ವನೆಟ್ ಬ್ರೌನ್ ಅಮೆರಿಕದ ಓಬರ್ಲಿನ್ ಕಾಲೇಜಿನಲ್ಲಿ ದೇವಶಾಸ್ತ್ರದ ಪಾಠವನ್ನು 1850ರಲ್ಲಿ ಮುಗಿಸಿದರು. ತರಗತಿಯಲ್ಲಿ ಕೂರಲು ಬಿಟ್ಟ ಕಾಲೇಜು ಪದವಿ ಮಾತ್ರ ಕೊಡಲಿಲ್ಲ, ಹೆಣ್ಣು ಅನ್ನುವ ಕಾರಣಕ್ಕೆ. ಆದರೆ 1853ರಲ್ಲಿ ನ್ಯೂಯಾರ್ಕ್ ರಾಜ್ಯದ ಸೌತ್ ಬಟ್ಲರ್ ಅನ್ನುವ ಸಣ್ಣ ಊರಿನ ಸಭೆ ಅವರನ್ನು ಕರೆದು ದೀಕ್ಷೆ ಕೊಟ್ಟಿತು. ಅದೇ ಓಬರ್ಲಿನ್ 1908ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅಷ್ಟೊತ್ತಿಗೆ ಅವರಿಗೆ ಎಂಬತ್ತು ದಾಟಿತ್ತು. ಅವರಿಗೆ ಪದವಿ ಇಲ್ಲದೆ ದೀಕ್ಷೆ ಸಿಕ್ಕಿತು. ಇವತ್ತು ಬಹಳ ಜನರಿಗೆ ಆಗುವುದು ಇದರ ಉಲ್ಟಾ: ಪದವಿ ಸಿಗುತ್ತದೆ, ದೀಕ್ಷೆಯ ದಾರಿ ಕಾಣುವುದಿಲ್ಲ.

ಇನ್ನು ನಿಮಗೆ ಸೀಟು ಸಿಕ್ಕಿರುವ ವಿಭಾಗ ಎಂಥದ್ದು ಅಂತ ಸರಿಯಾಗಿ ನೋಡಿಕೊಳ್ಳಿ. ವಿಶ್ವವಿದ್ಯಾಲಯಗಳಲ್ಲಿ ಈ ಓದು ಎರಡು ಬಗೆ. ಧರ್ಮ ಅಧ್ಯಯನ ವಿಭಾಗದಲ್ಲಿ ಧರ್ಮವನ್ನು ಮನುಷ್ಯರು ನಂಬುವ, ಆಚರಿಸುವ, ಜಗಳವಾಡುವ ಸಂಗತಿಯಾಗಿ ನೋಡುತ್ತಾರೆ. ಇತಿಹಾಸ, ಸಮಾಜಶಾಸ್ತ್ರ, ಭಾಷೆ ಇವೆಲ್ಲ ಅಲ್ಲಿ ಉಪಕರಣಗಳು. ನಿಮ್ಮ ಪಕ್ಕದ ಬೆಂಚಿನಲ್ಲಿ ಬೇರೆ ಧರ್ಮದವರು ಇರುತ್ತಾರೆ, ಏನೂ ನಂಬದವರೂ ಇರುತ್ತಾರೆ. ನೀವು ಏನು ನಂಬುತ್ತೀರಿ ಅಂತ ಯಾರೂ ಪರೀಕ್ಷೆಯಲ್ಲಿ ಕೇಳುವುದಿಲ್ಲ. ದೇವಶಾಸ್ತ್ರ ವಿಭಾಗದಲ್ಲಿ ಪ್ರಶ್ನೆಯೇ ಬೇರೆ. ದೇವರ ಬಗ್ಗೆ ಸಭೆ ಇಷ್ಟು ಕಾಲ ಏನು ಹೇಳಿಕೊಂಡು ಬಂದಿದೆ, ಅದು ನಿಜವಾ, ಇವತ್ತಿನ ಜನಕ್ಕೆ ಅದನ್ನು ಹೇಗೆ ಹೇಳಬೇಕು ಅನ್ನುವುದು ಅಲ್ಲಿನ ಕೆಲಸ.

ಮೊದಲ ಬಗೆಯ ಓದಿಗೆ ದೊಡ್ಡ ದನಿ ಕೊಟ್ಟವರು ಮ್ಯಾಕ್ಸ್ ಮುಲ್ಲರ್. 1870ರಲ್ಲಿ ಲಂಡನ್ನಿನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ, ಒಂದೇ ಧರ್ಮ ಗೊತ್ತಿರುವವನಿಗೆ ಯಾವ ಧರ್ಮವೂ ಗೊತ್ತಿಲ್ಲ ಅನ್ನುವ ಅರ್ಥದ ಮಾತು ಹೇಳಿದರು. ಆ ಮಾತು ಸ್ವಲ್ಪ ಜಾಸ್ತಿಯಾಯಿತು ಅಂತ ನನಗೆ ಅನ್ನಿಸುತ್ತದೆ. ತನ್ನ ಸತ್ಯವೇದ (ಬೈಬಲ್) ಬಿಟ್ಟು ಬೇರೇನೂ ಓದದ ಅಜ್ಜಿಯರಲ್ಲಿ ದೇವರ ಬಗ್ಗೆ ಆಳವಾದ ತಿಳಿವು ಇರುವುದನ್ನು ಕಂಡಿದ್ದೇನೆ. ಆದರೂ ಬೇರೆಯವರ ನಂಬಿಕೆಯನ್ನು ಅವರ ಬಾಯಿಂದಲೇ ಕೇಳಿಸಿಕೊಂಡ ಮೇಲೆ ನಮ್ಮ ನಂಬಿಕೆಯ ಎಷ್ಟೋ ಗುಣಗಳು ಮೊದಲ ಸಲ ಕಣ್ಣಿಗೆ ಬೀಳುತ್ತವೆ ಅನ್ನುವುದು ನಿಜ.

ಕೆಲವು ದೇಶಗಳಲ್ಲಿ ಈ ಎರಡರ ನಡುವೆ ಕಾನೂನೇ ಗೆರೆ ಎಳೆದಿದೆ. ಅಮೆರಿಕದ ಸುಪ್ರೀಂ ಕೋರ್ಟು 1963ರಲ್ಲಿ, ಸರ್ಕಾರಿ ಶಾಲೆಗಳಲ್ಲಿ ಭಕ್ತಿಯ ಆಚರಣೆಯಾಗಿ ಬೈಬಲ್ ಓದಿಸುವುದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಅದೇ ತೀರ್ಪಿನಲ್ಲಿ, ಧರ್ಮವನ್ನು ಒಂದು ವಿಷಯವಾಗಿ ನಿಷ್ಪಕ್ಷಪಾತವಾಗಿ ಕಲಿಸಲು ಅಡ್ಡಿಯಿಲ್ಲ ಅಂತಲೂ ಹೇಳಿತು. ಆಮೇಲೆ ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಧರ್ಮ ಅಧ್ಯಯನ ವಿಭಾಗಗಳು ಬೆಳೆದವು. 2004ರಲ್ಲಿ ಅದೇ ಕೋರ್ಟಿಗೆ ಇನ್ನೊಂದು ಪ್ರಕರಣ ಬಂತು. ವಾಷಿಂಗ್ಟನ್ ರಾಜ್ಯದ ಒಬ್ಬ ಹುಡುಗನಿಗೆ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತ್ತು. ಅವನು ಸಭಾಪಾಲನೆಯ ಕೋರ್ಸ್ ಆರಿಸಿಕೊಂಡಿದ್ದರಿಂದ ಹಣ ತಪ್ಪಿತು. ರಾಜ್ಯ ಹಾಗೆ ಮಾಡಬಹುದು ಅಂತಲೇ ಕೋರ್ಟು ಹೇಳಿತು. ನಿಮಗೂ ವಿದ್ಯಾರ್ಥಿವೇತನ ಇದ್ದರೆ ಅದರ ಷರತ್ತುಗಳನ್ನು ಒಮ್ಮೆ ಪೂರ್ತಿ ಓದಿ. ಎಲ್ಲೋ ಒಂದು ಸಾಲಿನಲ್ಲಿ ಇಂಥದ್ದು ಅಡಗಿರಬಹುದು.

ಸಭೆಗೆ ಬೇಕಾದವರನ್ನು ವಿಶ್ವವಿದ್ಯಾಲಯ ಯಾಕೆ ತಯಾರು ಮಾಡಬೇಕು ಅನ್ನುವ ಪ್ರಶ್ನೆ ಹಳೆಯದು. ಬರ್ಲಿನ್ ವಿಶ್ವವಿದ್ಯಾಲಯ 1810ರಲ್ಲಿ ಬಾಗಿಲು ತೆರೆಯಿತು. ಅಲ್ಲಿ ದೇವಶಾಸ್ತ್ರಕ್ಕೆ ಜಾಗ ಇರಬೇಕಾ ಅನ್ನುವ ಚರ್ಚೆ ಆಗ ಜೋರಾಗಿಯೇ ಇತ್ತು. ದೇವಶಾಸ್ತ್ರಜ್ಞ ಶ್ಲೈಯರ್‌ಮಾಖರ್ ಅದಕ್ಕೆ ಕೊಟ್ಟ ಉತ್ತರ ಸರಳ. ಜನರ ಆರೋಗ್ಯಕ್ಕೆ ವೈದ್ಯರು ಬೇಕು, ಅದಕ್ಕೆ ವೈದ್ಯಶಾಸ್ತ್ರ. ನ್ಯಾಯಕ್ಕೆ ವಕೀಲರು ಬೇಕು, ಅದಕ್ಕೆ ಕಾನೂನು. ಸಭೆಯನ್ನು ನಡೆಸಲು ತಿಳಿದವರು ಬೇಕು, ಅದಕ್ಕೆ ದೇವಶಾಸ್ತ್ರ. ಅಂದರೆ ಗ್ರೀಕ್, ಇತಿಹಾಸ, ತತ್ವಶಾಸ್ತ್ರ ಎಲ್ಲವೂ ಕೊನೆಗೆ ಒಂದು ಸಭೆಯ ಆರೈಕೆಗೆ ಬಂದು ಸೇರಬೇಕು. ಆ ಕೊನೆಯ ಗುರಿ ಕಳಚಿಹೋದರೆ ಒಂದೊಂದು ವಿಷಯವೂ ಬೇರೆ ಬೇರೆ ವಿಭಾಗಕ್ಕೆ ಹೋಗಿ ಕೂರಬಹುದು.

ಆ ಗುರಿಯ ಭಾರ ಎಷ್ಟು ಅನ್ನುವುದು ಯೂಲಿಯಸ್ ವೆಲ್‌ಹೌಸನ್‌ಗೆ ಗೊತ್ತಾಯಿತು. ಹಳೆ ಒಡಂಬಡಿಕೆಯ ಮೊದಲ ಐದು ಪುಸ್ತಕಗಳು ಹೇಗೆ ರೂಪುಗೊಂಡವು ಅನ್ನುವ ಬಗ್ಗೆ ಅವರು ಮಾಡಿದ ಕೆಲಸವನ್ನು ಇವತ್ತಿಗೂ ಪ್ರತಿ ವಿದ್ಯಾರ್ಥಿಯೂ ಓದಲೇಬೇಕು, ಒಪ್ಪಲಿ ಬಿಡಲಿ. ಅವರು ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿ ದೇವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1882ರಲ್ಲಿ ಆ ಹುದ್ದೆಗೆ ರಾಜೀನಾಮೆ ಕೊಟ್ಟರು. ವಿದ್ಯಾರ್ಥಿಗಳನ್ನು ಸಭೆಯ ಸೇವೆಗೆ ತಯಾರು ಮಾಡುವುದು ತನ್ನ ಹೊಣೆ, ತನ್ನ ಪಾಠದಿಂದ ಅದು ಆಗುತ್ತಿಲ್ಲ, ಬದಲಿಗೆ ಅವರು ಆ ಕೆಲಸಕ್ಕೆ ಒಗ್ಗದವರಾಗುತ್ತಿದ್ದಾರೆ, ಇದು ಮನಸ್ಸಾಕ್ಷಿಯನ್ನು ಚುಚ್ಚುತ್ತಿದೆ ಅಂತ ಪತ್ರದಲ್ಲಿ ಕಾರಣ ಕೊಟ್ಟರು. ಆಮೇಲೆ ಹಾಲೆ ವಿಶ್ವವಿದ್ಯಾಲಯಕ್ಕೆ ಹೋಗಿ ಸೆಮಿಟಿಕ್ ಭಾಷೆಗಳನ್ನು ಕಲಿಸಿದರು. ಆ ಪ್ರಾಮಾಣಿಕತೆಯ ಬಗ್ಗೆ ನನಗೆ ದೊಡ್ಡ ಗೌರವ. ಪಾಠ ಮಾಡುವ ನಮ್ಮಂಥವರು ವರ್ಷಕ್ಕೊಮ್ಮೆಯಾದರೂ ಆ ಪತ್ರವನ್ನು ನೆನೆಸಿಕೊಳ್ಳಬೇಕು.

ನಿಮ್ಮ ಹಿರಿಯರ ಭಯವೂ ಇದೇ ಅಲ್ವಾ? ಅವರು ವೆಲ್‌ಹೌಸನ್ ಹೆಸರು ಕೇಳಿರಲಿಕ್ಕಿಲ್ಲ. ಆದರೆ ಓದಲು ಹೋದ ಯಾರೋ ಒಬ್ಬರು ವಾಪಸ್ ಬರದೇ ಇದ್ದದ್ದನ್ನು ನೋಡಿರುತ್ತಾರೆ. ಅವರ ಮಾತನ್ನು ಹಳೇ ಕಾಲದವರ ಮಾತು ಅಂತ ತಳ್ಳಿಹಾಕಬೇಡಿ. ಯಾರನ್ನು ನೆನೆಸಿಕೊಂಡು ಹಾಗೆ ಹೇಳುತ್ತಿದ್ದಾರೆ ಅಂತ ಕೂತು ಕೇಳಿ.

ತರಗತಿಯಲ್ಲಿ ನಿಜವಾಗಿ ಏನಾಗುತ್ತದೆ ಅನ್ನುವುದಕ್ಕೆ ಒಂದು ಪಾಠವನ್ನೇ ತೋರಿಸುತ್ತೇನೆ. ಮಾರ್ಕನ ಸುವಾರ್ತೆಯ 16ನೇ ಅಧ್ಯಾಯ ತೆಗೆಯಿರಿ. ಹೆಂಗಸರು ಸುಗಂಧದ್ರವ್ಯ ತಗೊಂಡು ಯೇಸುವಿನ ಸಮಾಧಿಗೆ ಬರುತ್ತಾರೆ. ಕಲ್ಲು ಉರುಳಿಹೋಗಿದೆ. ಒಳಗೆ ಬಿಳಿ ಬಟ್ಟೆಯ ಯುವಕ, ಆತನು ಎದ್ದಿದ್ದಾನೆ ಅನ್ನುತ್ತಾನೆ. ಅವರು ನಡುಗುತ್ತಾ ಓಡಿಹೋಗುತ್ತಾರೆ, ಹೆದರಿದ್ದರಿಂದ ಯಾರಿಗೂ ಏನೂ ಹೇಳುವುದಿಲ್ಲ. ಇದು 8ನೇ ವಚನ. 9ರಿಂದ 20ರವರೆಗಿನ ವಚನಗಳು ನಾಲ್ಕನೇ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳಲ್ಲಿ ಇಲ್ಲ. ಅವುಗಳ ಹೆಸರು ಸಿನಾಯ್ಟಿಕಸ್ ಮತ್ತು ವ್ಯಾಟಿಕಾನಸ್. ಎರಡರಲ್ಲೂ ಸುವಾರ್ತೆ ಆ ಹೆದರಿಕೆಯಲ್ಲೇ ನಿಂತುಬಿಡುತ್ತದೆ. ಮುಂದಿನ ವಚನಗಳ ಗ್ರೀಕ್ ಶೈಲಿಯೂ ಮಾರ್ಕನ ಶೈಲಿಗೆ ಹೊಂದುವುದಿಲ್ಲ. ಹಾಗಾಗಿ ಅವು ಆಮೇಲೆ ಸೇರಿದವು ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ.

ಇಷ್ಟು ಹೇಳುವಷ್ಟರಲ್ಲಿ ತರಗತಿಯಲ್ಲಿ ಯಾರಾದರೂ ಒಬ್ಬರ ಮುಖ ಬಿಳಿಚಿಕೊಳ್ಳುತ್ತದೆ. "ಹಾಗಾದರೆ ಪುನರುತ್ಥಾನವೂ ಆಮೇಲೆ ಸೇರಿಸಿದ್ದಾ?" ಅಂತ ಕೇಳುತ್ತಾರೆ. ಒಳ್ಳೆ ಪ್ರಶ್ನೆ. ಉತ್ತರಕ್ಕೆ 1 ಕೊರಿಂಥ 15ನೇ ಅಧ್ಯಾಯ ತೆಗೆಯಬೇಕು. ಅಪೊಸ್ತಲ ಪೌಲನು ಆ ಪತ್ರ ಬರೆದದ್ದು ಮೊದಲ ಶತಮಾನದ ಐವತ್ತರ ದಶಕದಲ್ಲಿ, ಮಾರ್ಕನ ಸುವಾರ್ತೆಗಿಂತ ಮುಂಚೆ ಅಂತಲೇ ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಎದ್ದ ಕ್ರಿಸ್ತನು ಯಾರು ಯಾರಿಗೆ ಕಾಣಿಸಿಕೊಂಡನು ಅಂತ ಪೌಲ ಅಲ್ಲಿ ಪಟ್ಟಿ ಕೊಡುತ್ತಾನೆ. ತನಗೆ ಬೇರೆಯವರಿಂದ ಬಂದದ್ದನ್ನೇ ಒಪ್ಪಿಸುತ್ತಿದ್ದೇನೆ ಅಂತಲೂ ಹೇಳುತ್ತಾನೆ. ಅಂದರೆ ಸಭೆಯ ಆ ನಂಬಿಕೆ ಮಾರ್ಕನ ಕೊನೆಯ ಹನ್ನೆರಡು ವಚನಗಳ ಮೇಲೆ ನಿಂತಿರಲಿಲ್ಲ. ಮಾರ್ಕನ 8ನೇ ವಚನದ ಹೊತ್ತಿಗೂ ಯುವಕನ ಮಾತು ಆಗಲೇ ಹೇಳಿಯಾಗಿದೆ, ಸಮಾಧಿ ಆಗಲೇ ಖಾಲಿಯಾಗಿದೆ.

ಇದರ ನಂತರ ನಾನು ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. 8ನೇ ವಚನದಲ್ಲೇ ನಿಲ್ಲಿಸಿ, ಆಗತಾನೇ ಸಾವು ಕಂಡ ಮನೆಯವರು ಕೂತಿರುವ ಸಭೆಗೆ ಒಂದು ಪ್ರಸಂಗ (ಉಪದೇಶ) ಬರೆದುಕೊಂಡು ಬನ್ನಿ. ಹೆದರಿ ಬಾಯಿ ಕಟ್ಟಿಹೋದ ಆ ಹೆಂಗಸರ ಬಗ್ಗೆ ಆಗ ಬರುವ ಪ್ರಸಂಗಗಳು ಬೇರೆಯೇ ಇರುತ್ತವೆ. ದುಃಖದಲ್ಲಿ ಇರುವವರಿಗೆ ಹಲ್ಲೆಲೂಯ ಹೇಳು ಅಂತ ಒತ್ತಾಯ ಮಾಡುವುದಿಲ್ಲ. ಹಸ್ತಪ್ರತಿಯ ಪಾಠ ಕೇಳದಿದ್ದರೆ ಆ ಪ್ರಸಂಗ ಹುಟ್ಟುತ್ತಿರಲಿಲ್ಲ. ವಿಶ್ವವಿದ್ಯಾಲಯದ ಓದು ಸೇವೆಗೆ ಉಪಯೋಗಕ್ಕೆ ಬರುತ್ತಾ ಅಂತ ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಕಾಗದಗಳು.

ಆದರೂ ನಂಬಿಕೆ ಅಲುಗಾಡುವುದಿಲ್ಲ ಅಂತ ನಾನು ಮಾತು ಕೊಡಲಾರೆ. ಅಲುಗಾಡುತ್ತದೆ. ಯಾರಿಗೆ ಜಾಸ್ತಿ ಕಷ್ಟವಾಗುತ್ತದೆ ಅಂದರೆ, ತರಗತಿಗೆ ಒಂದು ಮನಸ್ಸು, ಪ್ರಾರ್ಥನೆಗೆ ಇನ್ನೊಂದು ಮನಸ್ಸು ಅಂತ ಇಟ್ಟುಕೊಂಡವರಿಗೆ. ವಾರವೆಲ್ಲ ಕಲಿತದ್ದನ್ನು ಭಾನುವಾರ ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗುತ್ತಾರೆ. ಸ್ವಲ್ಪ ಕಾಲ ನಡೆಯುತ್ತದೆ. ಆಮೇಲೆ ಒಂದು ದಿನ ಪ್ರಾರ್ಥನೆಯ ಮಾತು ಬಾಯಲ್ಲಿ ಸುಳ್ಳು ಅನ್ನಿಸತೊಡಗುತ್ತದೆ. ಇದಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ. ಅನುಮಾನವನ್ನೇ ಪ್ರಾರ್ಥನೆಗೆ ತಗೊಂಡು ಹೋಗುವುದು. "ಸ್ವಾಮೀ, ಇವತ್ತು ಹೀಗೆ ಓದಿದೆ, ನನಗೆ ಅರ್ಥವಾಗಲಿಲ್ಲ, ಸಿಟ್ಟು ಬಂತು" ಅಂತ ಹೇಳಿಬಿಡುವುದು. ಕೀರ್ತನೆಗಳ ಪುಸ್ತಕದಲ್ಲಿ ಇದಕ್ಕಿಂತ ಗಟ್ಟಿಯಾದ ಮಾತುಗಳಿವೆ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಸಭೆ ತನ್ನ ಪ್ರಾರ್ಥನಾ ಪುಸ್ತಕದಿಂದ ಯಾವತ್ತೂ ತೆಗೆದುಹಾಕಲಿಲ್ಲ.

ಜೊತೆಗೆ ಮಾತಾಡಲು ಜನ ಬೇಕು. ನಂಬಿಕೆಯುಳ್ಳ, ಓದಿಗೆ ಹೆದರದ ಒಬ್ಬ ಸಭಾಪಾಲಕರನ್ನು ಮೊದಲ ತಿಂಗಳಲ್ಲೇ ಹುಡುಕಿಕೊಳ್ಳಿ. ತಿಂಗಳಿಗೆ ಒಂದು ಸಲ ಅವರ ಮುಂದೆ ಕೂತು ಮನಸ್ಸು ಬಿಚ್ಚಿ. ತರಗತಿಯಲ್ಲಿ ಏನೂ ನಂಬದ ಗೆಳೆಯರೂ ಸಿಗುತ್ತಾರೆ, ಅವರಿಂದ ದೂರ ಓಡಬೇಡಿ. ಮುಂದೆ ನಿಮ್ಮ ಸಭೆಯ ಎಷ್ಟೋ ಮನೆಗಳಲ್ಲಿ ಅಂಥವರೇ ಗಂಡ, ಮಗ, ಮಗಳು ಆಗಿ ಇರುತ್ತಾರೆ.

ಇನ್ನೊಂದು ಮಾತು. ಮೊದಲ ವರ್ಷದಲ್ಲಿ ಕಲಿತದ್ದನ್ನೆಲ್ಲ ಪ್ರಸಂಗಪೀಠದಿಂದ ಸಿಡಿಸಬೇಡಿ. ಒಂದು ಸೆಮಿಸ್ಟರ್ ಪೂರ್ತಿ ಕೂತು, ಪ್ರಶ್ನೆ ಕೇಳಿ, ನಿದ್ದೆಗೆಟ್ಟು ನೀವು ಅರಗಿಸಿಕೊಂಡದ್ದನ್ನು ಸಭೆಯವರು ಇಪ್ಪತ್ತು ನಿಮಿಷದಲ್ಲಿ ನುಂಗಬೇಕು ಅಂದರೆ ಹೇಗೆ? ಹಾಗಂತ ಮುಚ್ಚಿಡುವುದೂ ಬೇಡ. ಸತ್ಯವೇದ ಅಧ್ಯಯನದ ಸಣ್ಣ ಗುಂಪಿನಲ್ಲಿ, ಜನ ತಿರುಗಿ ಕೇಳಲು ಸಾಧ್ಯವಿರುವ ಕಡೆ, ನಿಧಾನವಾಗಿ ಹೇಳಿ. ಸಭೆಯ ಜನ ನಾವು ಅಂದುಕೊಂಡಷ್ಟು ನಾಜೂಕಲ್ಲ. ಅವರಿಗೆ ಬೇಸರವಾಗುವುದು ಹೊಸ ವಿಷಯಕ್ಕಿಂತ ಹೇಳುವವರ ಜಂಬಕ್ಕೆ.

ಈಗ ವಿಶ್ವವಿದ್ಯಾಲಯ ಕೊಡಲಾಗದ ಭಾಗಕ್ಕೆ ಬರೋಣ. ಇಲ್ಲಿ ನಿಮ್ಮ ಹಿರಿಯರ ಸೆಮಿನರಿ ಸಲಹೆಗೆ ಪೂರ್ತಿ ಅರ್ಥವಿದೆ. ಕ್ಯಾಥೊಲಿಕ್ ಸಭೆಯ ಟ್ರೆಂಟ್ ಮಹಾಸಭೆ 1563ರಲ್ಲಿ ಪ್ರತಿ ಧರ್ಮಪ್ರಾಂತ್ಯದಲ್ಲೂ ಗುರುಗಳನ್ನು ತಯಾರು ಮಾಡುವ ಸೆಮಿನರಿ ಇರಬೇಕು ಅಂತ ನಿಯಮ ಮಾಡಿತು. ಆಗ ಯುರೋಪಿನಲ್ಲಿ ದೇವಶಾಸ್ತ್ರ ಕಲಿಸುವ ದೊಡ್ಡ ವಿಶ್ವವಿದ್ಯಾಲಯಗಳು ಇರಲಿಲ್ಲ ಅಂತಲ್ಲ. ಊರೂರಿನ ಗುರುಗಳಿಗೆ ಆ ಓದು ತಲುಪುತ್ತಿರಲಿಲ್ಲ. ತಲುಪಿದವರಿಗೂ ಜನರ ಜೊತೆ ಹೇಗೆ ಬದುಕಬೇಕು, ಆರಾಧನೆ ಹೇಗೆ ನಡೆಸಬೇಕು ಅನ್ನುವುದನ್ನು ಯಾರೂ ಕೈಹಿಡಿದು ಕಲಿಸಿರಲಿಲ್ಲ. ಇವತ್ತಿಗೂ ಕ್ಯಾಥೊಲಿಕ್ ಸಭೆಯ ನಿಯಮದ ಪ್ರಕಾರ ಗುರು ಆಗುವವರು ಕನಿಷ್ಠ ಆರು ವರ್ಷ ಓದಬೇಕು: ಎರಡು ವರ್ಷ ತತ್ವಶಾಸ್ತ್ರ, ನಾಲ್ಕು ವರ್ಷ ದೇವಶಾಸ್ತ್ರ. ಜರ್ಮನಿಯ ಪ್ರೊಟೆಸ್ಟೆಂಟ್ ಪಾದ್ರಿಗಳು ವಿಶ್ವವಿದ್ಯಾಲಯದಲ್ಲಿ ಹೀಬ್ರೂ, ಗ್ರೀಕ್ ಸಮೇತ ಓದಿ ಮೊದಲ ಪರೀಕ್ಷೆ ಮುಗಿಸಿ, ಆಮೇಲೆ ಒಂದು ಸಭೆಯಲ್ಲಿ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ತರಬೇತಿ ಪಡೆದು ಎರಡನೇ ಪರೀಕ್ಷೆ ಬರೆಯುತ್ತಾರೆ. ಉತ್ತರ ಅಮೆರಿಕದಲ್ಲಿ ಬಿ.ಎ. ನಂತರ ಮೂರು ವರ್ಷದ ಎಂ.ಡಿವ್. (ಮಾಸ್ಟರ್ ಆಫ್ ಡಿವಿನಿಟಿ) ಪದವಿ ರೂಢಿ. ಬಂಗಾಳದಲ್ಲಿ ಆಗ ಡೆನ್ಮಾರ್ಕಿನ ವಶದಲ್ಲಿದ್ದ ಸೆರಾಂಪುರ ಊರಿನಲ್ಲಿ ಮಿಷನರಿಗಳಾದ ಕೇರಿ, ಮಾರ್ಷ್‌ಮನ್, ವಾರ್ಡ್ ಮೂವರೂ 1818ರಲ್ಲಿ ಕಟ್ಟಿದ ಕಾಲೇಜಿನಲ್ಲಿ ವಿಶ್ವವಿದ್ಯಾಲಯದ ಓದು, ಸೇವೆಯ ತರಬೇತಿ ಎರಡನ್ನೂ ಒಂದೇ ಕಡೆ ತರುವ ಪ್ರಯತ್ನ ನಡೆಯಿತು. 1827ರಲ್ಲಿ ಡೆನ್ಮಾರ್ಕಿನ ರಾಜ ಆರನೇ ಫ್ರೆಡರಿಕ್ ಅದಕ್ಕೆ ಪದವಿ ಕೊಡುವ ಅಧಿಕಾರವನ್ನೇ ಕೊಟ್ಟ. ದಾರಿಗಳು ಬೇರೆ ಬೇರೆ, ಆದರೆ ಓದಿನ ಜೊತೆಗೆ ಕೈಕೆಲಸದ ಕಲಿಕೆಯನ್ನು ಎಲ್ಲರೂ ಇಟ್ಟುಕೊಂಡಿದ್ದಾರೆ.

ಆ ಕಲಿಕೆಯ ಒಂದು ಭಾಗವನ್ನು ಹತ್ತಿರದಿಂದ ನೋಡಿ. ಆಂಟನ್ ಬೊಯ್ಸನ್ ಅನ್ನುವ ಪಾದ್ರಿ ಸ್ವತಃ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆಯಲ್ಲಿ ಇದ್ದು ಬಂದವರು. ಸಭಾಪಾಲಕರಾಗುವವರು ಪುಸ್ತಕ ಓದಿದ ಹಾಗೆಯೇ ನೋವಿನಲ್ಲಿರುವ ಮನುಷ್ಯರನ್ನೂ ಶ್ರದ್ಧೆಯಿಂದ ಓದಬೇಕು ಅಂತ ಅವರಿಗೆ ಅನ್ನಿಸಿತು. 1925ರಲ್ಲಿ ದೇವಶಾಸ್ತ್ರದ ಕೆಲವು ವಿದ್ಯಾರ್ಥಿಗಳನ್ನು ಮ್ಯಾಸಚೂಸೆಟ್ಸ್‌ನ ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕೆಲಸಕ್ಕೆ ಹಚ್ಚಿದರು. ಅದರಿಂದ ಬೆಳೆದದ್ದೇ ಇವತ್ತಿನ ಕ್ಲಿನಿಕಲ್ ಪ್ಯಾಸ್ಟೋರಲ್ ಎಜುಕೇಷನ್, ಚಿಕ್ಕದಾಗಿ ಸಿಪಿಇ. ಅಮೆರಿಕದ ಪದ್ಧತಿಯಲ್ಲಿ ಒಂದು ಘಟಕಕ್ಕೆ ಕನಿಷ್ಠ 400 ಗಂಟೆ.

ಅದರಲ್ಲಿ ವರ್ಬೇಟಿಮ್ ಅಂತ ಒಂದು ಅಭ್ಯಾಸ ಇದೆ. ರೋಗಿಯನ್ನು ನೋಡಿ ಬಂದ ವಿದ್ಯಾರ್ಥಿ, ಅವರು ಏನು ಅಂದರು, ನಾನು ಏನು ಅಂದೆ ಅಂತ ನೆನಪಿದ್ದಷ್ಟನ್ನೂ ಮಾತಿಗೆ ಮಾತು ಬರೆದು ತರಬೇಕು. ಹೆಸರು ಬದಲಿಸಿರುತ್ತಾರೆ. ಗುಂಪು ಅದನ್ನು ಸಾಲು ಸಾಲಾಗಿ ಓದುತ್ತದೆ. ಅಂಥ ಒಂದು ಕಾಗದ ಹೀಗಿರುತ್ತದೆ ಅಂದುಕೊಳ್ಳಿ. ರೋಗಿ: "ರಾತ್ರಿ ನಿದ್ದೆನೇ ಬರಲ್ಲ." ವಿದ್ಯಾರ್ಥಿ: "ಡಾಕ್ಟರಿಗೆ ಹೇಳಿದ್ರಾ?" ರೋಗಿ: "ಹೇಳಿದೆ. ಅದಲ್ಲ. ಲೈಟ್ ಆರಿಸಿದ ಮೇಲೆ ಮಗಳದ್ದೇ ಯೋಚನೆ." ವಿದ್ಯಾರ್ಥಿ: "ನಾವು ಪ್ರಾರ್ಥನೆ ಮಾಡೋಣ್ವಾ?" ಇಲ್ಲಿ ಮಾರ್ಗದರ್ಶಕರು ತಡೆಯುತ್ತಾರೆ. ಮಗಳು ಅಂದರಲ್ಲ, ಆ ಬಾಗಿಲು ಅವರಾಗಿಯೇ ತೆರೆದದ್ದು. ನೀನು ಯಾಕೆ ಕಣ್ಣು ಮುಚ್ಚಿಕೊಂಡೆ? ಆ ಪ್ರಾರ್ಥನೆ ಅವರಿಗಾಗಿತ್ತಾ, ನಿನ್ನ ಭಯಕ್ಕಾಗಿತ್ತಾ?

ಈ ಪ್ರಶ್ನೆಗೆ ಯಾವ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೂ ಉತ್ತರ ಇಲ್ಲ. ಹೀಗೆ ತಿದ್ದಿಸಿಕೊಂಡವರು ಮುಂದಿನ ಸಲ "ಮಗಳ ಬಗ್ಗೆ ಹೇಳಿ" ಅನ್ನುತ್ತಾರೆ. ಪ್ರಾರ್ಥನೆ ಆಮೇಲೆ ಬರುತ್ತದೆ, ಆಗ ಅದರಲ್ಲಿ ಮಗಳ ಹೆಸರು ಇರುತ್ತದೆ. ನಿಮ್ಮ ಬಿ.ಎ. ಸಮಯದಲ್ಲಿ ಇಂಥ ತರಬೇತಿ ಸಿಗದಿರಬಹುದು. ಆದರೆ ಆಸ್ಪತ್ರೆ ಭೇಟಿ, ವೃದ್ಧಾಶ್ರಮ, ಸಂಡೆ ಸ್ಕೂಲು, ಏನಾದರೂ ಒಂದನ್ನು ಓದಿನ ಮೂರೂ ವರ್ಷ ಬಿಡದೆ ಇಟ್ಟುಕೊಳ್ಳಿ. ಭೇಟಿ ಮುಗಿಸಿ ಬಂದು ಒಂದು ಪುಟ ಬರೆಯಿರಿ. ನಿಮ್ಮ ಸಭಾಪಾಲಕರಿಗೆ ಓದಲು ಕೊಡಿ.

ಜರ್ಮನಿಯ ಪಾದ್ರಿ ಡೀಟ್ರಿಖ್ ಬೊನ್‌ಹೋಫರ್ ಬಗ್ಗೆ ಕೇಳಿರುತ್ತೀರಿ. ಇಪ್ಪತ್ತೊಂದನೇ ವಯಸ್ಸಿಗೆ, 1927ರಲ್ಲಿ, ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿದ ಪ್ರತಿಭೆ. ಹಿಟ್ಲರನ ಕಾಲದಲ್ಲಿ ಸರ್ಕಾರಕ್ಕೆ ತಲೆಬಾಗದ ಸಭೆಗೆ ಪಾದ್ರಿಗಳು ಬೇಕಾದಾಗ ಅವರು ನಂಬಿದ್ದು ತರಗತಿಯನ್ನಷ್ಟೇ ಅಲ್ಲ. ಫಿಂಕನ್‌ವಾಲ್ಡೆಯಲ್ಲಿ 1935ರಿಂದ ನಡೆಸಿದ ಸೆಮಿನರಿಯಲ್ಲಿ ಎಲ್ಲರೂ ಒಟ್ಟಿಗೆ ಇರುತ್ತಿದ್ದರು, ಒಟ್ಟಿಗೆ ಪ್ರಾರ್ಥಿಸುತ್ತಿದ್ದರು, ದಿನಕ್ಕೆ ಅರ್ಧ ಗಂಟೆ ಸತ್ಯವೇದದ ಒಂದು ಭಾಗದ ಮೇಲೆ ಮೌನವಾಗಿ ಧ್ಯಾನ ಮಾಡುತ್ತಿದ್ದರು. 1937ರಲ್ಲಿ ಹಿಟ್ಲರನ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಅದನ್ನು ಮುಚ್ಚಿಸಿತು. ಅಲ್ಲಿಗೆ ಬಂದವರೆಲ್ಲ ವಿಶ್ವವಿದ್ಯಾಲಯದ ಓದು ಮುಗಿಸಿಯೇ ಬಂದವರು. ಅದನ್ನು ಮರೆಯಿರಿ ಅಂತ ಬೊನ್‌ಹೋಫರ್ ಹೇಳಲಿಲ್ಲ. ಅದರ ಮೇಲೆ ಇದನ್ನು ಕಟ್ಟಿದರು. ಮಾರ್ಟಿನ್ ಲೂಥರ್ ಕಿಂಗ್ ದಾರಿಯೂ ನೋಡಿ. 1951ರಲ್ಲಿ ಕ್ರೋಜರ್ ಸೆಮಿನರಿಯಿಂದ ದೇವಶಾಸ್ತ್ರದ ಪದವಿ, 1955ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್. ಪ್ರಬಂಧ ಮುಗಿಸುವ ಹೊತ್ತಿಗೆ ಮಾಂಟ್‌ಗೊಮರಿಯ ಒಂದು ಸಭೆಯ ಪಾದ್ರಿಯಾಗಿ ಕೆಲಸ ಶುರು ಮಾಡಿಯಾಗಿತ್ತು.

ನಿಮ್ಮ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು. ಸಭೆ ಒಪ್ಪುವುದಾದರೆ ಮೊದಲು ಬಿ.ಎ., ಆಮೇಲೆ ಸೆಮಿನರಿ. ವಯಸ್ಸು ಇಪ್ಪತ್ತು, ಅವಸರವಿಲ್ಲ. ಮೂರು ವರ್ಷದ ಕೊನೆಗೆ ಕರೆ ಬೇರೆ ಕಡೆ ತಿರುಗಿತು ಅಂತಿಟ್ಟುಕೊಳ್ಳಿ, ಆಗಲೂ ಶಿಕ್ಷಣ, ಸಮಾಜಸೇವೆ, ಪತ್ರಿಕೋದ್ಯಮ, ಇನ್ನೂ ಮುಂದೆ ಸಂಶೋಧನೆ ಎಲ್ಲದಕ್ಕೂ ಈ ಪದವಿ ನಡೆಯುತ್ತದೆ. ಅದನ್ನು ಸೋಲು ಅಂತ ಯಾರೂ ನಿಮಗೆ ಹೇಳದಿರಲಿ. ಸಭೆಯ ನಿಯಮದಲ್ಲಿ ಈ ಬಿ.ಎ.ಗೆ ಯಾವ ಬೆಲೆಯೂ ಇಲ್ಲ, ಮನೆಯಲ್ಲಿ ಎರಡು ಪದವಿಗೆ ಆಗುವಷ್ಟು ಹಣವೂ ಇಲ್ಲ ಅಂತಾದರೆ ಮಾತ್ರ, ಪದವಿಗೆ ಮಾನ್ಯತೆ ಇರುವ, ಭಾಷೆಗಳನ್ನು ಸರಿಯಾಗಿ ಕಲಿಸುವ ಸೆಮಿನರಿಗೆ ನೇರವಾಗಿ ಹೋಗಿ.

ವಿಷಯ ಆರಿಸುವಾಗ ಭಾಷೆಗಳನ್ನು ಮುಂದಕ್ಕೆ ಹಾಕಬೇಡಿ. ಗ್ರೀಕ್ ಮೊದಲ ವರ್ಷದಲ್ಲೇ ತಗೊಳ್ಳಿ, ಹೀಬ್ರೂ ಎರಡನೇ ವರ್ಷ. ಆಮೇಲೆ ಕಲಿಯೋಣ ಅಂದವರು ಕಲಿತದ್ದು ಕಡಿಮೆ. ಬೇರೆ ಧರ್ಮಗಳಲ್ಲಿ ಐದಾರನ್ನು ಮೇಲೆ ಮೇಲೆ ನೋಡುವ ಬದಲು ಒಂದನ್ನು ಆರಿಸಿ, ಅದರ ಗ್ರಂಥ ಓದಿ, ಅದನ್ನು ಪಾಲಿಸುವವರ ಜೊತೆ ಕೂತು ಮಾತಾಡಿ. ಸಭೆಯ ಇತಿಹಾಸ ಬಿಡಲೇಬೇಡಿ. ಇವತ್ತು ನಾವು ಹೊಸದು ಅಂದುಕೊಂಡಿರುವ ಜಗಳಗಳಲ್ಲಿ ಹೆಚ್ಚಿನವು ನಾಲ್ಕನೇ ಐದನೇ ಶತಮಾನದಲ್ಲೇ ನಡೆದುಹೋಗಿವೆ.

ತರಗತಿ ಶುರುವಾಗುವ ಮುಂಚೆ ಮಾಡುವುದು ಜಾಸ್ತಿ ಏನೂ ಇಲ್ಲ. ಗ್ರೀಕ್‌ನ 24 ಅಕ್ಷರ ಬರೆದು ಅಭ್ಯಾಸ ಮಾಡಿ. ಮಾರ್ಕನ ಸುವಾರ್ತೆಯನ್ನು ಒಂದೇ ಬಾರಿಗೆ ಕೂತು ಗಟ್ಟಿಯಾಗಿ ಓದಿ ಮುಗಿಸಿ, ಒಂದೂವರೆ ಗಂಟೆ ಹಿಡಿಯಬಹುದು. ತುಂಡು ತುಂಡಾಗಿ ಕೇಳಿ ಬೆಳೆದವರಿಗೆ ಅದು ಬೇರೆಯೇ ಪುಸ್ತಕದಂತೆ ಕಾಣುತ್ತದೆ. ಮತ್ತೆ ನಿಮ್ಮ ಕರೆಯ ಬಗ್ಗೆ ಎರಡು ಪುಟ ಬರೆಯಿರಿ. ಯಾವಾಗ ಅನ್ನಿಸಿತು, ಯಾರಿಗೆ ಮೊದಲು ಹೇಳಿದಿರಿ, ಅವರು ಏನಂದರು, ನಿಮಗೆ ಯಾವುದರ ಭಯ ಇದೆ. ಸಭೆಯ ಆಯ್ಕೆ ಸಮಿತಿ ಮುಂದೆ ಇದನ್ನು ಹೇಗಿದ್ದರೂ ಕೇಳುತ್ತದೆ. ತಾರೀಖು ಹಾಕಿ ಇಟ್ಟುಕೊಳ್ಳಿ. ಪ್ರತಿ ವರ್ಷದ ಕೊನೆಗೆ ಹೊಸ ಕಾಗದದಲ್ಲಿ ಮತ್ತೆ ಬರೆಯಿರಿ, ಹಳೆಯದನ್ನು ತಿದ್ದಬೇಡಿ. ಸಮಿತಿಯ ಮುಂದೆ ಹೋಗುವಾಗ ಎಲ್ಲವನ್ನೂ ತಗೊಂಡು ಹೋಗಿ.